ಸರ್ವರ್ ಕೆಲಸಕ್ಕೆ ಹೊಸಬರು ನೆಟ್‌ವರ್ಕಿಂಗ್ ಎಲ್ಲಿಂದ ಶುರು ಮಾಡಬೇಕು?

ನೀವು ಸರ್ವರ್ ಅಡ್ಮಿನ್ ಕೆಲಸಕ್ಕೆ ಹೊಸದಾಗಿ ಸೇರಿದ್ದೀರಿ. ಸುತ್ತಲಿನವರು ಸಬ್‌ನೆಟ್, ವಿಲ್ಯಾನ್, ಬಾಂಡಿಂಗ್ ಅಂತ ಮಾತಾಡುತ್ತಾರೆ, ಎಲ್ಲಿಂದ ಕಲಿಯಬೇಕು ಗೊತ್ತಾಗುತ್ತಿಲ್ಲ ಅಂತ ಕೇಳಿದ್ದೀರಿ. ನಾನು ದಿನವೂ ಮಾಡುವುದು ಇದೇ ಕೆಲಸ. ದಯವಿಟ್ಟು ಪದಗಳ ಪಟ್ಟಿ ಇಟ್ಟುಕೊಂಡು ಬಾಯಿಪಾಠ ಮಾಡಬೇಡಿ. ಸರ್ವರ್ ಒಂದು ಪ್ಯಾಕೆಟ್ (ಡೇಟಾದ ಒಂದು ಸಣ್ಣ ಕಟ್ಟು) ಕಳಿಸುವಾಗ ಏನೇನು ಯೋಚಿಸುತ್ತದೆ ಅಂತ ಹಿಂದೆಯೇ ಹೋಗಿ. ಒಂದೊಂದು ಪದವೂ ದಾರಿಯಲ್ಲೇ ಸಿಗುತ್ತದೆ.

ಸರ್ವರ್ ಮೊದಲು ನೋಡುವುದು ಒಂದೇ: ಎದುರಿನ ಮಶೀನ್ ನನ್ನ ನೆಟ್‌ವರ್ಕ್ ಒಳಗಿದೆಯಾ, ಹೊರಗಿದೆಯಾ? ಇದನ್ನು ತೀರ್ಮಾನಿಸುವುದು ಸಬ್‌ನೆಟ್ ಮಾಸ್ಕ್. ಐಪಿವಿ4 ವಿಳಾಸದಲ್ಲಿ 32 ಬಿಟ್ ಇರುತ್ತವೆ. ನಿಮ್ಮ ಸರ್ವರ್ ವಿಳಾಸ 10.20.30.40/26 ಅಂದುಕೊಳ್ಳಿ. ಈ /26 ಅನ್ನುವುದೇ ಮಾಸ್ಕ್: ಮೊದಲ 26 ಬಿಟ್ ನೆಟ್‌ವರ್ಕ್‌ನದು, ಉಳಿದ 6 ಬಿಟ್ ಮಶೀನ್‌ಗಳದು. ಅಂದರೆ 64 ವಿಳಾಸ, 10.20.30.0 ರಿಂದ 10.20.30.63 ರವರೆಗೆ. ಮೊದಲನೆಯದು ನೆಟ್‌ವರ್ಕ್‌ಗೆ, ಕೊನೆಯದು ಬ್ರಾಡ್‌ಕಾಸ್ಟ್‌ಗೆ (ಎಲ್ಲರಿಗೂ ಒಟ್ಟಿಗೆ ಕಳಿಸಲು) ಮೀಸಲು. ಬಳಸಲು ಸಿಗುವುದು 62.

ಎದುರಿನ ಮಶೀನ್ ಒಳಗಿದ್ದರೆ ಸರ್ವರ್ ಎಆರ್‌ಪಿ ಮೂಲಕ ‘ಈ ಐಪಿ ಯಾರದು, ಮ್ಯಾಕ್ ವಿಳಾಸ ಹೇಳಿ’ ಅಂತ ಎಲ್ಲರನ್ನೂ ಕೇಳುತ್ತದೆ. ಮ್ಯಾಕ್ ಅಂದರೆ ನೆಟ್‌ವರ್ಕ್ ಕಾರ್ಡಿನ ಸ್ವಂತ ವಿಳಾಸ. ಹೊರಗಿದ್ದರೆ ಪ್ಯಾಕೆಟ್ಟನ್ನು ಗೇಟ್‌ವೇಗೆ, ಅಂದರೆ ಹೊರಗಿನ ನೆಟ್‌ವರ್ಕ್‌ಗೆ ದಾರಿ ಮಾಡಿಕೊಡುವ ರೂಟರ್‌ಗೆ, ಒಪ್ಪಿಸಿಬಿಡುತ್ತದೆ.

ಈಗ ಯಾರೋ /26 ಬದಲು /24 ಹಾಕಿದರು ಅನ್ನಿ. ಸರ್ವರ್ ಚೆನ್ನಾಗಿಯೇ ಓಡುತ್ತದೆ. ಇಂಟರ್‌ನೆಟ್ ಸಿಗುತ್ತದೆ, ಡೇಟಾಬೇಸ್ ಸಿಗುತ್ತದೆ. ಆದರೆ 10.20.30.70 ಥರದ ವಿಳಾಸ ಮಾತ್ರ ಸಿಗುವುದಿಲ್ಲ. ಏಕೆಂದರೆ ಸರ್ವರ್ ಅದನ್ನು ತನ್ನ ಒಳಗಿನದು ಅಂತ ನಂಬಿ ಎಆರ್‌ಪಿ ಕೇಳುತ್ತಲೇ ಇರುತ್ತದೆ. ಆ ಮಶೀನ್ ಇರುವುದು ಗೇಟ್‌ವೇ ಆಚೆ, ಉತ್ತರ ಬರುವುದಾದರೂ ಹೇಗೆ? ಇಂಥ ಹೊತ್ತಲ್ಲಿ ಎಲ್ಲರೂ ಫೈರ್‌ವಾಲ್ ಕಡೆ ಕೈ ತೋರಿಸುತ್ತಾರೆ. ನೀವು ಸುಮ್ನೆ ಎಆರ್‌ಪಿ ಟೇಬಲ್ (ಯಾವ ಐಪಿಗೆ ಯಾವ ಮ್ಯಾಕ್ ಅನ್ನುವ ಪಟ್ಟಿ) ತೆಗೆದು ನೋಡಿ. ಆ ಐಪಿ ಎದುರು ‘ಇನ್‌ಕಂಪ್ಲೀಟ್’ ಅಂತಿದ್ದರೆ ಮೊದಲು ಮಾಸ್ಕ್ ಪರಿಶೀಲಿಸಿ. ಈ ಒಂದು ವಿಷಯ ಗಟ್ಟಿಯಾದರೆ ಅರ್ಧ ನೆಟ್‌ವರ್ಕಿಂಗ್ ಬಂದ ಹಾಗೆಯೇ ಅಂತ ನಾನು ನಂಬುತ್ತೇನೆ.

ವಿಲ್ಯಾನ್ ಅಂದರೆ ಒಂದೇ ಸ್ವಿಚ್ಚಿನೊಳಗೆ (ಮಶೀನ್‌ಗಳ ಕೇಬಲ್ ಬಂದು ಸೇರುವ ಪೆಟ್ಟಿಗೆ) ಬೇರೆ ಬೇರೆ ನೆಟ್‌ವರ್ಕ್ ಮಾಡುವುದು. ಪ್ರತಿಯೊಂದಕ್ಕೂ ಒಂದು ನಂಬರ್, 1 ರಿಂದ 4094 ರವರೆಗೆ. ಸ್ವಿಚ್ಚಿನಲ್ಲಿ ಕೇಬಲ್ ಸಿಕ್ಕಿಸುವ ಜಾಗವೇ ಪೋರ್ಟ್: ಆಕ್ಸೆಸ್ ಪೋರ್ಟ್‌ನಲ್ಲಿ ಸಾಮಾನ್ಯವಾಗಿ ಒಂದು ವಿಲ್ಯಾನ್, ಟ್ರಂಕ್ ಪೋರ್ಟ್‌ನಲ್ಲಿ ಹಲವು. ವರ್ಚುಯಲ್ ಮಶೀನ್‌ಗಳನ್ನು ಓಡಿಸುವ ಸರ್ವರ್‌ಗೆ ಹೆಚ್ಚಾಗಿ ಟ್ರಂಕ್ ಕೊಡುತ್ತಾರೆ. ಲಿಂಕ್ ಲೈಟ್ ಹಸಿರಾಗಿದ್ದು, ಐಪಿ ಮಾಸ್ಕ್ ಎಲ್ಲ ಸರಿಯಿದ್ದೂ ಗೇಟ್‌ವೇ ಕೂಡ ಸಿಗದಿದ್ದರೆ, ಆ ಟ್ರಂಕ್‌ನಲ್ಲಿ ನಿಮ್ಮ ವಿಲ್ಯಾನ್ ಬಿಟ್ಟಿದ್ದಾರಾ ಅಂತ ನೆಟ್‌ವರ್ಕ್ ತಂಡವನ್ನು ಕೇಳಿ.

ಬಾಂಡಿಂಗ್ ಅಂದರೆ ಹಲವು ನೆಟ್‌ವರ್ಕ್ ಕಾರ್ಡ್‌ಗಳನ್ನು ಒಂದಾಗಿ ಸೇರಿಸುವುದು. ಇದರ ಬಗ್ಗೆ ತಪ್ಪು ಕಲ್ಪನೆ ಜಾಸ್ತಿ. 10 ಗಿಗಾಬಿಟ್‌ನ ಎರಡು ಕಾರ್ಡ್‌ಗಳನ್ನು ಎಲ್‌ಎಸಿಪಿ ಅನ್ನುವ ಪ್ರೋಟೋಕಾಲ್‌ನಿಂದ ಸೇರಿಸಿದರೆ ಒಂದು ಫೈಲ್ ಕಾಪಿ 20ರ ವೇಗದಲ್ಲಿ ಹೋಗುತ್ತದೆ ಅಂದುಕೊಳ್ಳುತ್ತಾರೆ. ಹೋಗುವುದಿಲ್ಲ. ಒಂದು ಕನೆಕ್ಷನ್ ಒಂದೇ ಲಿಂಕ್ ಹಿಡಿದು ಹೋಗುತ್ತದೆ. ಲಾಭ ಬರುವುದು ಹಲವು ಕನೆಕ್ಷನ್ ಇದ್ದಾಗ, ಮತ್ತು ಒಂದು ಕೇಬಲ್ ಹೋದರೂ ಸರ್ವರ್ ನಿಲ್ಲದಿರುವುದರಲ್ಲಿ.

ಎಂಟಿಯು ಅಂದರೆ ಒಂದು ಸಲಕ್ಕೆ ಕಳಿಸಬಹುದಾದ ಪ್ಯಾಕೆಟ್ಟಿನ ಗರಿಷ್ಠ ಗಾತ್ರ, ಈಥರ್‌ನೆಟ್‌ನಲ್ಲಿ ಸಾಮಾನ್ಯವಾಗಿ 1500 ಬೈಟ್. ಸ್ಟೋರೇಜ್ ನೆಟ್‌ವರ್ಕ್‌ನಲ್ಲಿ 9000 ಇಡುವುದುಂಟು. ಸರ್ವರ್‌ನಲ್ಲಿ 9000 ಇಟ್ಟು ನಡುವಿನ ಸ್ವಿಚ್ಚಿನಲ್ಲಿ 1500 ಬಿಟ್ಟರೆ, ಪಿಂಗ್ ಹೋಗುತ್ತದೆ, ಲಾಗಿನ್ ಆಗುತ್ತದೆ, ದೊಡ್ಡ ಫೈಲ್ ಮಾತ್ರ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಡಿಎನ್‌ಎಸ್ ಹೆಸರಿನಿಂದ ಐಪಿ ಹುಡುಕಿಕೊಡುತ್ತದೆ, ಇದು ನಿಮಗೆ ಗೊತ್ತಿರಬೇಕು, ಅಲ್ವಾ? ಐಪಿಯಿಂದ ಕೆಲಸ ಆಗಿ ಹೆಸರಿನಿಂದ ಆಗದಿದ್ದರೆ ಮೊದಲು ಅಲ್ಲೇ ನೋಡಿ.

ಕೊನೆಯದು ಪೋರ್ಟ್, ಸ್ವಿಚ್ಚಿನದಲ್ಲ, ಸರ್ವಿಸಿನದು. ಮಶೀನ್ ತಲುಪಿದ ಮೇಲೆ ಯಾವ ಸರ್ವಿಸ್‌ಗೆ ಅಂತ ಹೇಳುವ ನಂಬರ್ ಇದು. ಎಸ್‌ಎಸ್‌ಎಚ್‌ಗೆ 22, ಎಚ್‌ಟಿಟಿಪಿಎಸ್‌ಗೆ 443. ಇಲ್ಲಿ ಎರಡು ಎರರ್‌ಗಳನ್ನು ಒಂದೇ ಅಂತ ತಿಳಿಯಬೇಡಿ. ‘ಕನೆಕ್ಷನ್ ರೆಫ್ಯೂಸ್ಡ್’ ಬಂದರೆ ಹೆಚ್ಚಿನ ಸಲ ಪ್ಯಾಕೆಟ್ ಆ ಮಶೀನ್ ಮುಟ್ಟಿದೆ, ಆದರೆ ಆ ಪೋರ್ಟ್‌ನಲ್ಲಿ ಯಾವ ಸರ್ವಿಸೂ ಕೇಳುತ್ತಿಲ್ಲ. ಸರ್ವಿಸ್ ಓಡುತ್ತಿದೆಯಾ ನೋಡಿ. ‘ಟೈಮ್ಡ್ ಔಟ್’ ಬಂದರೆ ಉತ್ತರವೇ ಬಂದಿಲ್ಲ. ಫೈರ್‌ವಾಲ್, ರೂಟಿಂಗ್ ಹುಡುಕುವುದು ಆಗ.