ಹೀರೆಬಳ್ಳಿಯ ಹೀಚು ಹಳದಿಯಾಗಿ ಉದುರುತ್ತಿದ್ದರೆ ಮೊದಲು ಕಾಯನ್ನು ಸೀಳಿ ನೋಡಿ

ಪುಣೆಯ ಹಡಪ್ಸರದಲ್ಲಿ ತಾರಸಿಯ ಮೇಲೆ ಡ್ರಮ್ಮಿನಲ್ಲಿ ಹಾಕಿದ ಹೀರೆಬಳ್ಳಿ ಸೊಂಪಾಗಿ ಹಬ್ಬಿದ್ದರೂ ಕಾಯಿ ಬೆರಳುದ್ದ ಆಗುವಷ್ಟರಲ್ಲಿ ಹಳದಿಗೆ ತಿರುಗಿ ಉದುರುತ್ತಿದೆ, ಎಲೆಗಳ ಮೇಲೆ ಬಿಳಿ ಗೆರೆಗಳು ಮೂಡಿವೆ, ಅಂಗಡಿಯವರು ಕೊಟ್ಟ ಔಷಧವನ್ನು ವಾರಕ್ಕೊಮ್ಮೆ ಎಲೆಗಳಿಗೆ ಸಿಂಪಡಿಸಿದರೂ ಗುಣ ಕಾಣಲಿಲ್ಲ ಎಂದು ಬರೆದಿದ್ದೀರಿ. ನಾನು ಚಿಂಚವಡದಲ್ಲಿ ತಾರಸಿಯ ಮೇಲೆಯೇ ಹೀರೆ, ಹಾಗಲ, ಪಡವಲಗಳನ್ನು ಹಬ್ಬಿಸುತ್ತ ಬಂದವನು. ನಿಮ್ಮ ವಿವರಣೆಯಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಒಂದರೊಳಗೊಂದು ಬೆರೆತಿವೆ. ಎಲೆಯಲ್ಲಿ ಗೆರೆ ಕೊರೆಯುವ ಹುಳುವಿಗೂ ಕಾಯಿ ಉದುರುವುದಕ್ಕೂ ಸಂಬಂಧವಿಲ್ಲ. ಕಾಯಿಯ ತೊಂದರೆಯನ್ನು ಕಾಯಿಯಲ್ಲಿಯೇ ಹುಡುಕಬೇಕು.

ಉದುರಿದ ಹೀಚೊಂದನ್ನು ತೆಗೆದುಕೊಂಡು ಬೆಳಕಿಗೆ ಹಿಡಿದು ಸಿಪ್ಪೆಯನ್ನು ಪರೀಕ್ಷಿಸಿ. ಸೂಜಿ ಚುಚ್ಚಿದಂತಹ ಸಣ್ಣ ರಂಧ್ರ, ಅದರ ಬಾಯಲ್ಲಿ ತೊಟ್ಟಾಗಿ ನಿಂತು ಕಂದುಬಣ್ಣಕ್ಕೆ ತಿರುಗಿದ ಅಂಟು, ಚುಚ್ಚಿದ ಬದಿಗೆ ಕಾಯಿ ಸೊಟ್ಟಗಾಗಿರುವುದು, ಇಷ್ಟು ಕಂಡರೆ ಅದು ಹಣ್ಣಿನ ನೊಣದ ಕೆಲಸ. ಬಳಿಕ ಚಾಕುವಿನಿಂದ ಉದ್ದಕ್ಕೆ ಸೀಳಿ. ತಲೆಯ ಕಡೆ ಚೂಪಾಗಿರುವ, ಕಾಲುಗಳಿಲ್ಲದ, ಅನ್ನದ ಅಗುಳಿನ ಬಣ್ಣದ ಹುಳುಗಳು ತಿರುಳಿನಲ್ಲಿ ಮಿಸುಕುತ್ತಿರುತ್ತವೆ. ಬಲಿತ ಹುಳುವನ್ನು ಸ್ಟೀಲ್ ತಟ್ಟೆಯ ಮೇಲೆ ಬಿಟ್ಟರೆ ಅದು ಬಾಲವನ್ನು ಬಾಯಿಗೆ ತಾಗಿಸಿ ಬಿಲ್ಲಿನಂತೆ ಬಾಗಿ, ಒಮ್ಮೆಲೇ ಗೇಣುದ್ದ ಹಾರುತ್ತದೆ. ಹೀಗೆ ಹಾರುವುದನ್ನು ನೋಡಿದ ಮೇಲೆ ಬೇರೆ ಸಾಕ್ಷಿ ಬೇಕಾಗಿಲ್ಲ.

ರಂಧ್ರವೂ ಇಲ್ಲ, ಹುಳುವೂ ಇಲ್ಲ, ಹೀಚು ತುದಿಯಿಂದ ಹಳದಿಯಾಗುತ್ತ ಸೊರಗಿದೆ ಎಂದಾದರೆ ಅದು ಕೀಟದ ಬಾಧೆಯೇ ಅಲ್ಲ, ಪರಾಗಸ್ಪರ್ಶ ಆಗಿಲ್ಲ ಎಂದರ್ಥ. ಹೀರೆಯ ಹೂ ಅರಳುವುದು ಸಂಜೆಗೆ. ಎತ್ತರದ ಮಹಡಿಗಳಲ್ಲಿ ಆ ಹೊತ್ತಿಗೆ ಪತಂಗಗಳೂ ಜೇನುಗಳೂ ಬಾರದೆ ಹೋಗುವುದುಂಟು. ಆಗ ತಾನೇ ಅರಳಿದ ಗಂಡು ಹೂವನ್ನು ಕಿತ್ತು, ಅದರ ದಳಗಳನ್ನು ಹಿಂದಕ್ಕೆ ಮಡಚಿ, ಬುಡದಲ್ಲಿ ಪುಟ್ಟ ಕಾಯಿ ಇರುವ ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಒರೆಸಿದರೆ ಕೆಲಸ ಮುಗಿಯುತ್ತದೆ. ತಾರಸಿ ತೋಟಗಳಲ್ಲಿ ಉದುರುವ ಹೀಚುಗಳಲ್ಲಿ ಬಹುಪಾಲು ಈ ಎರಡನೆಯ ಬಗೆಯವು ಎಂಬುದು ನನ್ನ ಅನಿಸಿಕೆ. ಆದರೆ ಬೆರಳುದ್ದ ಬೆಳೆದ ಮೇಲೆ ಉದುರುತ್ತಿವೆ ಎಂದು ನೀವು ಹೇಳುತ್ತಿರುವುದರಿಂದ ನಿಮ್ಮಲ್ಲಿ ನೊಣವೇ ಇರಬಹುದೆಂದು ಭಾವಿಸಿ ಮುಂದಿನದನ್ನು ಬರೆಯುತ್ತೇನೆ.

ಈ ನೊಣದ ಈಗಿನ ಶಾಸ್ತ್ರೀಯ ಹೆಸರು ಝ್ಯೂಗೊಡೇಕಸ್ ಕುಕುರ್ಬಿಟೇ; ಔಷಧದ ಚೀಟಿಗಳಲ್ಲಿ ಬ್ಯಾಕ್ಟ್ರೊಸೆರಾ ಎಂಬ ಹಳೆಯ ಹೆಸರೂ ಕಾಣಸಿಗುತ್ತದೆ. ಮನೆನೊಣದಷ್ಟೇ ದೊಡ್ಡದು, ಆದರೆ ಕಂದು ಮಿಶ್ರಿತ ಹಳದಿ ಮೈ, ಬೆನ್ನಿನ ಮೇಲೆ ಹಳದಿ ಪಟ್ಟೆಗಳು, ರೆಕ್ಕೆಯ ಅಂಚಿನಲ್ಲಿ ಕಂದು ಗೆರೆ ಇರುವುದರಿಂದ ನೋಡುವವರಿಗೆ ಕಣಜದ ಭ್ರಮೆ ಹುಟ್ಟಿಸುತ್ತದೆ. ಹೆಣ್ಣು ನೊಣ ಎಳೆಯ ಕಾಯಿಯನ್ನು ಚುಚ್ಚಿ ಸಿಪ್ಪೆಯ ಒಳಗೆ ಮೊಟ್ಟೆ ಇಡುತ್ತದೆ. ಒಂದೆರಡು ದಿನಗಳಲ್ಲಿ ಮೊಟ್ಟೆ ಒಡೆದು ಹುಳುಗಳು ತಿರುಳನ್ನು ತಿಂದು ಬಲಿತು, ಕಾಯಿಯಿಂದ ಹೊರಬಿದ್ದು, ಮಣ್ಣಿನಲ್ಲಿ ಕೆಲವೇ ಅಂಗುಲ ಆಳಕ್ಕೆ ಇಳಿದು ಕೋಶವಾಗುತ್ತವೆ. ಬೆಚ್ಚಗಿನ ದಿನಗಳಲ್ಲಿ ಎರಡು ಮೂರು ವಾರಗಳೊಳಗೆ ಹೊಸ ನೊಣ ಹೊರಬರುತ್ತದೆ. ಮೊಟ್ಟೆ ಮತ್ತು ಹುಳು ಕಾಯಿಯೊಳಗೆ, ಕೋಶ ಮಣ್ಣಿನೊಳಗೆ, ನೊಣವಾದರೋ ದಿನದ ಬಹುಪಾಲು ಬೇರೆ ಗಿಡಗಳ ನೆರಳಿನಲ್ಲಿ. ಹೀಗಿರುವಾಗ ಎಲೆಗೆ ಸಿಂಪಡಿಸಿದ ಔಷಧ ಯಾರನ್ನು ಮುಟ್ಟೀತು? ಜಪಾನಿನ ಓಕಿನಾವಾ ದ್ವೀಪಗಳಲ್ಲಿ ಬಂಜೆ ಮಾಡಿದ ನೊಣಗಳನ್ನು ಕೋಟಿಗಟ್ಟಲೆ ಹಾರಿಬಿಟ್ಟು ಇದನ್ನು 1993ರ ಹೊತ್ತಿಗೆ ಪೂರ್ತಿಯಾಗಿ ನಿರ್ಮೂಲ ಮಾಡಿದರು. ಸರಕಾರಗಳು ವರ್ಷಗಟ್ಟಲೆ ಹಿಡಿದು ಮಾಡುವ ಕೆಲಸ ಅದು. ನಮ್ಮ ಪಾಲಿಗೆ ಉಳಿದಿರುವುದು ಕಾಯಿಗೆ ಮುಸುಕು ಹಾಕುವುದು.

ಈ ಮುಸುಕಿನ ಮೇಲೆ ನನಗಿರುವಷ್ಟು ನಂಬಿಕೆ ಬೇರೆ ಯಾವ ಉಪಾಯದ ಮೇಲೂ ಇಲ್ಲ. ಹಳೆಯ ಪಂಚೆ ಅಥವಾ ತೆಳುವಾದ ಓಢಣಿಯನ್ನು ಕತ್ತರಿಸಿ ಮೊಳದುದ್ದದ ಚೀಲಗಳನ್ನು ಹೊಲಿದುಕೊಳ್ಳಿ. ಪರಾಗಸ್ಪರ್ಶವಾದ ಮರುದಿನ ಅಥವಾ ಅದರ ಮರುದಿನ, ದಳಗಳು ಬಾಡಿದ ಕೂಡಲೇ ಹೀಚಿಗೆ ಚೀಲ ತೊಡಿಸಿ ತೊಟ್ಟಿನ ಬಳಿ ದಾರದಿಂದ ಸಡಿಲವಾಗಿ ಕಟ್ಟಿ, ಕೆಳಗಿನ ಬಾಯನ್ನೂ ಮುಚ್ಚಿ. ಬಟ್ಟೆ ಕಾಯಿಗೆ ಅಂಟಿಕೊಂಡಿದ್ದರೆ ನೊಣ ಬಟ್ಟೆಯ ಮೂಲಕವೇ ಚುಚ್ಚಬಲ್ಲದು, ಆದ್ದರಿಂದ ಒಳಗೆ ಕಾಯಿ ತೂಗಾಡುವಷ್ಟು ಜಾಗವಿರಲಿ. ವೃತ್ತಪತ್ರಿಕೆಯ ಕೊಟ್ಟೆ ಬೇಸಿಗೆಗೆ ಸಾಕು, ಮಳೆಗಾಲದಲ್ಲಿ ಒಂದೇ ದಿನಕ್ಕೆ ಹರಿಯುತ್ತದೆ. ಪ್ಲಾಸ್ಟಿಕ್ ಚೀಲದೊಳಗೆ ನೀರಾವಿ ಕಟ್ಟಿ ಕಾಯಿ ಕೊಳೆಯುತ್ತದೆ. ಹೊಲದವರಿಗೆ ಇದು ಆಗದ ಮಾತು, ಆದರೆ ಒಂದೆರಡು ಬಳ್ಳಿ ಇಟ್ಟುಕೊಂಡವರಿಗೆ ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಇದರ ಜೊತೆಗೆ ಉದುರಿದ ಮತ್ತು ಚುಚ್ಚಿಸಿಕೊಂಡ ಕಾಯಿಗಳನ್ನು ಪ್ರತಿದಿನ ಆಯ್ದು ತೆಗೆಯಬೇಕು. ಅವನ್ನು ಗೊಬ್ಬರದ ಬುಟ್ಟಿಗೆ ಹಾಕಿದರೆ ನೊಣವನ್ನು ನಾವೇ ಸಾಕಿದಂತಾಗುತ್ತದೆ. ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕೆಲವು ದಿನ ಬಿಸಿಲಿನಲ್ಲಿಟ್ಟು ಆಮೇಲೆ ಎಸೆಯಿರಿ. ಡ್ರಮ್ಮಿನ ಮೇಲ್ಮಣ್ಣನ್ನು ಬೇರಿಗೆ ಪೆಟ್ಟಾಗದಂತೆ ಆಗಾಗ ಕೆದಕಿದರೆ ಕೋಶಗಳು ಮೇಲೆ ಬಂದು ಇರುವೆಗಳ ಮತ್ತು ಹಕ್ಕಿಗಳ ಪಾಲಾಗುತ್ತವೆ.

ನೊಣಗಳನ್ನು ವಾಸನೆಯಿಂದ ಸೆಳೆದು ಹಿಡಿಯುವ ಬಲೆ ಕೊಳ್ಳುವುದಾದರೆ ಒಂದು ಎಚ್ಚರಿಕೆ. ಮಾರ್ಕೆಟ್ ಯಾರ್ಡಿನ ಕಡೆಯ ಕೃಷಿ ಸೇವಾ ಕೇಂದ್ರಗಳಲ್ಲಿ ಫಳಮಾಶಿಯ ಸಾಪಳಾ (ಮರಾಠಿಯಲ್ಲಿ ಹಣ್ಣಿನ ನೊಣದ ಬಲೆ) ಎಂದು ಕೇಳಿದರೆ ಮಾವಿನ ತೋಟದ ಬಲೆಯನ್ನು ಕೊಟ್ಟುಬಿಡುವ ಸಾಧ್ಯತೆ ಇದೆ. ಅದರಲ್ಲಿರುವುದು ಮಿಥೈಲ್ ಯೂಜಿನಾಲ್. ಮಾವಿನ ನೊಣ ಅದಕ್ಕೆ ಮರುಳಾಗುತ್ತದೆ, ಹೀರೆಯ ನೊಣ ಅದರತ್ತ ತಿರುಗಿಯೂ ನೋಡುವುದಿಲ್ಲ. ನಿಮಗೆ ಬೇಕಾದದ್ದು ಕ್ಯೂ-ಲ್ಯೂರ್ ಎಂದು ಬರೆದಿರುವ ಬಿಲ್ಲೆ. ಅದೂ ಗಂಡು ನೊಣಗಳನ್ನು ಮಾತ್ರ ಸೆಳೆಯುವುದರಿಂದ, ಈಗಾಗಲೇ ಗರ್ಭ ಧರಿಸಿದ ಹೆಣ್ಣು ನೊಣ ಪಕ್ಕದ ಕಟ್ಟಡದಿಂದ ಹಾರಿಬಂದು ಚುಚ್ಚುವುದನ್ನು ಬಲೆ ತಡೆಯಲಾರದು. ನೊಣ ಇದೆಯೋ ಇಲ್ಲವೋ ಎಂದು ತಿಳಿಯಲು ಮತ್ತು ಅವುಗಳ ಸಂಖ್ಯೆ ಸ್ವಲ್ಪ ತಗ್ಗಿಸಲು ಅದು ಉಪಯುಕ್ತ, ಅಷ್ಟೆ.

ಇನ್ನು ಎಲೆಯ ಬಿಳಿ ಗೆರೆಗಳು. ಅವು ರಂಗೋಲಿ ಹುಳುವಿನವು. ಎಲೆಯ ಎರಡು ಪದರಗಳ ನಡುವೆ ಸುರಂಗ ಕೊರೆಯುತ್ತ ಸಾಗುವ ಆ ಹುಳುವನ್ನು ಗೆರೆಯ ಅಗಲವಾದ ತುದಿಯಲ್ಲಿ ಉಗುರಿನಿಂದ ಒತ್ತಿ ಕೊಲ್ಲಬಹುದು. ಗೆರೆ ತುಂಬಿದ ಕೆಳಗಿನ ಹಳೆಯ ಎಲೆಗಳನ್ನು ಕಿತ್ತುಹಾಕಿ ಉಳಿದವನ್ನು ಅವುಗಳ ಪಾಡಿಗೆ ಬಿಡಿ. ಚಿಗುರಿನಲ್ಲಿ ಹೇನು ಮುತ್ತಿದ್ದರೆ ಮಾತ್ರ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ ಮತ್ತು ಅದು ನೀರಿನಲ್ಲಿ ಬೆರೆಯುವಷ್ಟು ಸೋಪಿನ ದ್ರಾವಣ ಸೇರಿಸಿ, ಬಿಸಿಲು ಇಳಿದ ಮೇಲೆ ಹೂಗಳನ್ನು ತಪ್ಪಿಸಿ ಎಲೆಯ ಅಡಿಭಾಗಕ್ಕೆ ಸಿಂಪಡಿಸಿ. ಮುಂದಿನ ಸಲ ಸಸಿ ಎರಡೆಲೆಯದಾಗಿರುವಾಗ ಕಿತ್ತಳೆಗೆಂಪು ಬಣ್ಣದ ಕುಂಬಳದ ದುಂಬಿಗಳು ಬಂದರೆ, ಬೆಳಗಿನ ತಂಪಿನಲ್ಲಿ ಅವು ಜಡವಾಗಿರುತ್ತವೆ, ಕೈಯಿಂದಲೇ ಹಿಡಿದು ಸೋಪಿನ ನೀರಿಗೆ ಹಾಕಿ. ಗಂಧಕದ ಪುಡಿಯನ್ನು ಮಾತ್ರ ಯಾರು ಹೇಳಿದರೂ ಹಾಕಬೇಡಿ; ಹೀರೆ ಜಾತಿಯ ಎಲೆಗಳು ಅದಕ್ಕೆ ಸುಟ್ಟುಹೋಗುವುದುಂಟು. ಅಂಗಡಿಯವರು ಕೊಟ್ಟಿರುವುದು ಗಿಡದೊಳಗೆ ಹೀರಿಕೊಳ್ಳುವ ಬಗೆಯ ಔಷಧವಾಗಿದ್ದರೆ, ಅದರ ಚೀಟಿಯಲ್ಲಿ ನಮೂದಿಸಿದ ಕಾಯುವ ದಿನಗಳು ಕಳೆಯುವವರೆಗೆ ಆ ಬಳ್ಳಿಯ ಕಾಯನ್ನು ಅಡುಗೆಗೆ ಬಳಸಬೇಡಿ.

ಈಗಿರುವ ಬಳ್ಳಿಯನ್ನು ಕೀಳಬೇಕಾಗಿಲ್ಲ, ಇಂದಿನಿಂದ ಬಿಡುವ ಹೀಚುಗಳಿಗೆ ಚೀಲ ಕಟ್ಟಿದರೆ ಸಾಕು. ಗಾಳಿಯಲ್ಲಿ ತೇವ ಹೆಚ್ಚಿ ಬಿಸಿಲಿನ ಝಳ ತಗ್ಗಿದಾಗ ಈ ನೊಣ ಹೆಚ್ಚುವುದರಿಂದ ಪುಣೆಯಲ್ಲಿ ಮಳೆಗಾಲದ ಬೆಳೆಗೆ ಕಾಟ ಜಾಸ್ತಿ. ಜನವರಿ ಕೊನೆಗೆ ಬೀಜ ಹಾಕಿದ ಬೇಸಿಗೆಯ ಬೆಳೆಗೆ ನೀರು ಹೆಚ್ಚು ಬೇಕಾದರೂ ನೊಣದ ಬಾಧೆ ಕಡಿಮೆ. ಹಾಗೆಯೇ ನಿಮ್ಮ ಸೊಸೈಟಿಯ ಕಾಂಪೌಂಡ್ ಗೋಡೆಯ ಮೇಲೆ ಕಾಡುತೊಂಡೆಯ ಬಳ್ಳಿ ಹಬ್ಬಿದೆಯೇ ಎಂದು ಒಮ್ಮೆ ನೋಡಿ ಬನ್ನಿ. ಅದರ ಕಾಯಿಗಳಲ್ಲೂ ಇದೇ ನೊಣ ಬೆಳೆಯುತ್ತದೆ, ಆದ್ದರಿಂದ ಸೆಕ್ರೆಟರಿಯವರಿಗೆ ಹೇಳಿ ಹೀರೆ ಹೂ ಬಿಡುವ ಮೊದಲೇ ಅದನ್ನು ಬುಡಸಮೇತ ತೆಗೆಸಿಬಿಡಿ.