ಪಿಕಾಚು ಬಾಲಕ್ಕೆ ಕಪ್ಪು ಬಳಿದವರು ಯಾರು?

ಓದುಗರ ಪತ್ರ: ಗೌರಿ ಹಬ್ಬಕ್ಕೆ ಅಣ್ಣತಮ್ಮಂದಿರು, ಅತ್ತೆ ಮಕ್ಕಳೆಲ್ಲ ಸೇರಿದ್ದೆವು. ನನ್ನ ಮಗನ ಪಿಕಾಚು (ಪೋಕೆಮಾನ್ ಕಾರ್ಟೂನಿನ ಹಳದಿ ಪ್ರಾಣಿ) ಗೊಂಬೆ ನೋಡಿ ವಾದ ಶುರುವಾಯಿತು. ಚಿಕ್ಕವರಿದ್ದಾಗ ಟಿವಿಯಲ್ಲಿ ನೋಡಿದ ಪಿಕಾಚುವಿನ ಬಾಲದ ತುದಿ ಕಪ್ಪಗಿತ್ತು ಅಂತ ಎಲ್ಲರಿಗೂ ಚೆನ್ನಾಗಿ ನೆನಪಿದೆ. ಹುಡುಕಿ ನೋಡಿದರೆ ಅದು ಯಾವತ್ತೂ ಕಪ್ಪಗಿರಲಿಲ್ಲವಂತೆ! ಒಬ್ಬರು ತಪ್ಪಿದರೆ ಸರಿ, ಎಲ್ಲರೂ ಒಂದೇ ಥರ ಹೇಗೆ ತಪ್ಪುತ್ತಾರೆ? ಇದು ಬೇರೆ ಲೋಕದ ನೆನಪು ಅಂತಾರೆ ನಮ್ಮ ಭಾವ. ಹಾಗಾದರೆ ಅಜ್ಜಿ ಹೇಳುವ ಹಳೇ ಬೆಂಗಳೂರಿನ ಕಥೆಗಳನ್ನೂ ನಂಬೋದು ಬೇಡವೇ?
– ಒಬ್ಬ ಓದುಗ, ವಿಜಯನಗರ

ಸಂಪಾದಕರ ಉತ್ತರ:

ಮೊದಲು ಭಾವನವರ ವಿಷಯ ಮುಗಿಸಿಬಿಡೋಣ. ಬೇರೆ ಲೋಕ ಬೇಕಾಗಿಲ್ಲ, ಈ ಲೋಕದ ತಲೆಯೇ ಸಾಕು.

ನಿಮ್ಮ ಪತ್ರ ಬಂದ ದಿನ ಕಚೇರಿಯಲ್ಲಿ ಒಂದು ಆಟ ಆಡಿದೆವು. ಎಲ್ಲರನ್ನೂ ಕೂರಿಸಿ ನಿಧಾನವಾಗಿ ಓದಿದೆ: ಫಿಲ್ಟರ್, ಡಿಕಾಕ್ಷನ್, ಚಿಕೋರಿ, ಹಾಲು, ನೊರೆ, ಲೋಟ, ಸಕ್ಕರೆ, ಬೈಟು, ದರ್ಶಿನಿ, ಹಬೆ, ಘಮ. ಆಮೇಲೆ ಸ್ವಲ್ಪ ಹೊತ್ತು ಸುಮ್ನೆ ಹರಟೆ. ನಂತರ ನೆನಪಿದ್ದಷ್ಟು ಬರೆಯಿರಿ ಅಂದೆ. ಹೆಚ್ಚಿನವರ ಚೀಟಿಯಲ್ಲಿ ‘ಕಾಫಿ’ ಇತ್ತು. ಪುಟ ಜೋಡಿಸುವ ಹುಡುಗನಂತೂ ‘ಸಾರ್, ಲೋಟ ಆದ್ಮೇಲೆ ನೀವೇ ಹೇಳಿದ್ರಿ’ ಅಂತ ಜಗಳಕ್ಕೇ ನಿಂತ. ಪಟ್ಟಿ ಇನ್ನೊಮ್ಮೆ ನೋಡಿ. ಕಾಫಿ ಇಲ್ಲವೇ ಇಲ್ಲ.

ಈ ಆಟ ನನ್ನ ಸ್ವಂತದ್ದಲ್ಲ. ಮನಶ್ಶಾಸ್ತ್ರಜ್ಞ ಜೇಮ್ಸ್ ಡೀಸ್ 1959ರಲ್ಲಿ ಮಾಡಿದ್ದನ್ನು 1995ರಲ್ಲಿ ಹೆನ್ರಿ ರೋಡಿಗರ್ ಮತ್ತು ಕ್ಯಾಥ್ಲೀನ್ ಮೆಕ್‌ಡರ್ಮಟ್ ಮತ್ತೆ ಕೈಗೆತ್ತಿಕೊಂಡರು. ಹಾಸಿಗೆ, ಕನಸು, ಗೊರಕೆ ಎಂಬಂಥ ಪದಗಳನ್ನು ಕೇಳಿದವರು, ಹೇಳದೇ ಬಿಟ್ಟ ‘ನಿದ್ದೆ’ಯನ್ನೂ ಕೇಳಿದೆವು ಅಂದರು. ಅನುಮಾನದಿಂದಲ್ಲ, ಗಟ್ಟಿಯಾಗಿ. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ನಮ್ಮ ಹುಡುಗರು ಯಾರೂ ಪಕ್ಕದವರ ಚೀಟಿ ನೋಡಿರಲಿಲ್ಲ. ಆದರೆ ಎಲ್ಲರೂ ಇದೇ ಊರಲ್ಲಿ ದರ್ಶಿನಿ ಮುಂದೆ ನಿಂತು ಬೆಳೆದವರು. ಖಾಲಿ ಜಾಗ ತುಂಬಲು ಎಲ್ಲರ ತಲೆಯಲ್ಲೂ ಇರುವ ಸರಕು ಒಂದೇ ಆದಾಗ ತಪ್ಪೂ ಒಂದೇ ಆಗುತ್ತದೆ.

ನಿಮ್ಮ ಪಿಕಾಚುವನ್ನು ಷಿಕಾಗೊ ವಿಶ್ವವಿದ್ಯಾಲಯದ ದೀಪಶ್ರೀ ಪ್ರಸಾದ್ ಮತ್ತು ವಿಲ್ಮಾ ಬೇನ್‌ಬ್ರಿಜ್ ಕೂಡ ಪರೀಕ್ಷೆಗೆ ಇಟ್ಟಿದ್ದರು. ಅದು ಪ್ರಕಟವಾದದ್ದು 2022ರಲ್ಲಿ. 40 ಪರಿಚಿತ ಚಿತ್ರಗಳು. ಪ್ರತಿಯೊಂದರ ಜೊತೆ ತಿದ್ದಿದ ಎರಡು ನಕಲು. ಅಸಲಿ ಯಾವುದು ಅಂತ ಕೇಳಿದಾಗ 7 ಚಿತ್ರಗಳಲ್ಲಿ ಜನ ಒಂದೇ ತಪ್ಪು ನಕಲಿಗೆ ಬೆರಳಿಟ್ಟರು. ಪಿಕಾಚು ಆ ಏಳರಲ್ಲಿ ಒಂದು. ಅದರ ಕಿವಿಯ ತುದಿ ನಿಜಕ್ಕೂ ಕಪ್ಪು. ಆ ಬಣ್ಣವೇ ಬಾಲಕ್ಕೂ ಇಳಿದಿರಬಹುದು.

ಆದರೆ ಎಲ್ಲವನ್ನೂ ಹೀಗೆ ಬಗೆಹರಿಸಲು ಆಗದು. ಫ್ರೂಟ್ ಆಫ್ ದಿ ಲೂಮ್ ಎಂಬ ಅಮೆರಿಕದ ಬಟ್ಟೆ ಕಂಪನಿಯ ಗುರುತಿನಲ್ಲಿ ಬರೀ ಹಣ್ಣುಗಳಿವೆ. ಜನರಿಗೆ ನೆನಪಿರುವುದು ಹಣ್ಣಿನ ಹಿಂದೆ ಒಂದು ಕೊಂಬಿನಾಕಾರದ ಬುಟ್ಟಿ. ದಿನಾ ಕಾಣುವುದು ತಟ್ಟೆಯಲ್ಲಿಟ್ಟ ಹಣ್ಣು, ನೆನಪಾಗುವುದು ಕೊಂಬು! ಒಂದೇ ಕಾರಣ ಹೇಳಿ ಕೈತೊಳೆದುಕೊಳ್ಳುವವರನ್ನು ನಾನಂತೂ ನಂಬುವುದಿಲ್ಲ.

ಹೀಗೆ ಹಲವರು ಒಂದೇ ತಪ್ಪನ್ನು ನೆನಪಿಟ್ಟುಕೊಳ್ಳುವುದಕ್ಕೆ ‘ಮಂಡೇಲಾ ಎಫೆಕ್ಟ್’ ಎಂಬ ಹೆಸರು ಬಿದ್ದಿದೆ. ನೆಲ್ಸನ್ ಮಂಡೇಲಾ ಜೈಲಿನಲ್ಲೇ ತೀರಿಕೊಂಡರು ಅಂತ ಹಲವರು ನೆನಪಿಟ್ಟುಕೊಂಡಿದ್ದರಂತೆ. ಅವರು ಬಿಡುಗಡೆಯಾದದ್ದು 1990ರಲ್ಲಿ, ತೀರಿಕೊಂಡದ್ದು 2013ರಲ್ಲಿ. ಅದೇ 1990ರಲ್ಲಿ ಭಾರತ ರತ್ನ ಕೊಟ್ಟ ನಮಗೆ ಈ ತಪ್ಪು ಅಷ್ಟು ಸುಲಭವಲ್ಲ, ಅಲ್ವಾ?

ಇನ್ನು ಮಾತಿನ ಪಾತ್ರ. ನಿಮ್ಮ ಹಬ್ಬದ ದಿನ ‘ಕಪ್ಪು’ ಅಂತ ಮೊದಲು ಬಾಯಿಬಿಟ್ಟವರು ಯಾರು? ಪತ್ರದಲ್ಲಿ ಬರೆದಿಲ್ಲ. 2001ರ ಒಂದು ಪ್ರಯೋಗದಲ್ಲಿ ಇಬ್ಬರಿಗೆ ಅಡುಗೆಮನೆಯಂಥ ಚಿತ್ರಗಳನ್ನು ತೋರಿಸಿ, ಕಂಡದ್ದನ್ನು ಸರದಿಯಂತೆ ಹೇಳಿ ಅಂದರು. ಒಬ್ಬರು ಪ್ರಯೋಗ ಮಾಡುವವರ ಕಡೆಯವರೇ. ಅವರು ಇಲ್ಲದ ಟೋಸ್ಟರ್ ಸೇರಿಸಿದರೆ ಆಮೇಲೆ ಇನ್ನೊಬ್ಬರ ನೆನಪಿಗೂ ಟೋಸ್ಟರ್ ಬರುತ್ತಿತ್ತು. ಅಡುಗೆಮನೆಯಲ್ಲಿ ಇರಲೇಬೇಕು ಅನ್ನಿಸುವ ಸಾಮಾನಾದರೆ ಇನ್ನೂ ಜಾಸ್ತಿ. 1992ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವಿಮಾನವೊಂದು ವಸತಿ ಕಟ್ಟಡಕ್ಕೆ ಅಪ್ಪಳಿಸಿತು. ಆ ಕ್ಷಣದ ದೃಶ್ಯ ಟಿವಿಯಲ್ಲಿ ನೋಡಿದಿರಾ ಅಂತ ಮುಂದೆ ಕೇಳಿದಾಗ ಅರ್ಧಕ್ಕಿಂತ ಜಾಸ್ತಿ ಜನ ಹೌದು ಅಂದರು. ಅಂಥ ದೃಶ್ಯವನ್ನು ಯಾರೂ ಚಿತ್ರೀಕರಿಸಿರಲೇ ಇಲ್ಲ.

ಈಗ ಅಜ್ಜಿ. ‘ಆಗ ಬೆಂಗಳೂರಲ್ಲಿ ಫ್ಯಾನೇ ಬೇಕಿರಲಿಲ್ಲ’ ಎಂಬ ಮಾತು ಬಸವನಗುಡಿಯಿಂದ ಮಲ್ಲೇಶ್ವರದವರೆಗೆ ಹಿರಿಯರ ಬಾಯಲ್ಲಿ ಕೇಳುತ್ತೇವೆ. ಸುಳ್ಳು ಅನ್ನಲಾರೆ. ಮರಗಳಿದ್ದವು, ಕಾಂಕ್ರೀಟ್ ಕಡಿಮೆ ಇತ್ತು, ಮೆಜೆಸ್ಟಿಕ್ ಬಸ್ ನಿಲ್ದಾಣದ ಜಾಗದಲ್ಲಿ ಧರ್ಮಾಂಬುಧಿ ಕೆರೆ ಇತ್ತು. ಆದರೆ 1931ರ ಮೇ ತಿಂಗಳಲ್ಲಿ ಇದೇ ಊರಿನ ಬಿಸಿಲು 38.9 ಡಿಗ್ರಿ ಮುಟ್ಟಿತ್ತು. ಆ ದಾಖಲೆ ಮುರಿದದ್ದು 2016ರ ಏಪ್ರಿಲ್‌ನಲ್ಲಿ, 39.2 ಡಿಗ್ರಿಗೆ. ಬೆವರಿಳಿಸಿದ ದಿನಗಳು ಆಗಲೂ ಇದ್ದವು. ಹೇಳುತ್ತಾ ಹೇಳುತ್ತಾ ತಂಪಿನ ದಿನಗಳಷ್ಟೇ ಉಳಿದುಕೊಂಡವು.

ಹಾಗಂತ ಕಥೆ ಕೇಳೋದು ಬಿಡಬೇಡಿ. ಅಜ್ಜಿಯನ್ನೂ ಅವರ ತಂಗಿಯನ್ನೂ ಒಟ್ಟಿಗೆ ಕೂರಿಸಿ ಮಾತ್ರ ಕೇಳಬೇಡಿ. ಬೇರೆ ಬೇರೆ ಕೇಳಿ, ಅವತ್ತೇ ಬರೆದಿಡಿ. ಸಾಕ್ಷಿಗಳ ಹೇಳಿಕೆಯನ್ನು ಬೇರೆ ಬೇರೆಯಾಗಿ ಪಡೆಯುವುದು ಇದಕ್ಕೇ. ಇಬ್ಬರ ಮಾತಲ್ಲೂ ಅದೇ ಬೀದಿ, ಅದೇ ಅಂಗಡಿ ಬಂದರೆ ಹಳೇ ಫೋಟೊ, ನಕ್ಷೆ ಹುಡುಕಲು ಶುರುಮಾಡಿ. ಸಿಕ್ಕರೆ ನಮಗೂ ಒಂದು ಪ್ರತಿ ಕಳಿಸಿ.