ಹಗಲು ಕುಗ್ಗಿದಾಗ ಹ್ಯಾಮ್‌ಸ್ಟರ್ ಮರಿ ಹಾಕದೇಕೆ?

ಪ್ರಶ್ನೆ: ಕಾಫಿ ಕಣದ ಪಕ್ಕದ ಜಗಲಿಯಲ್ಲಿ ಸಿರಿಯನ್ ಹ್ಯಾಮ್‌ಸ್ಟರ್ ಸಾಕಿದ್ದೇವೆ. ಅಲ್ಲಿ ದೀಪವಿಲ್ಲ. ಮಳೆಗಾಲದಲ್ಲಿ ಎರಡು ಸೂಲು ಮರಿ ಹಾಕಿದ ಹೆಣ್ಣು ನವೆಂಬರಿನಿಂದ ಗಂಡನ್ನು ಹತ್ತಿರ ಸೇರಿಸುತ್ತಿಲ್ಲ. ಗಂಡಿನ ವೃಷಣಗಳೂ ತೀರಾ ಸಣ್ಣಗಾಗಿವೆ. ಅಮ್ಮ ನುಂಗುವ ಥೈರಾಯ್ಡ್ ಮಾತ್ರೆಯ ಚೂರು ಕೊಟ್ಟರೆ ಸರಿಹೋಗುತ್ತದೆ ಎನ್ನುತ್ತಾರೆ. ಕೊಡಬಹುದೇ?
– ಓದುಗರೊಬ್ಬರು, ಗೋಣಿಕೊಪ್ಪಲು

ಉತ್ತರ: ದಯವಿಟ್ಟು ಕೊಡಬೇಡಿ. ನಿಮ್ಮ ಹ್ಯಾಮ್‌ಸ್ಟರ್‌ಗೆ ಕಾಯಿಲೆಯೇನಿಲ್ಲ, ಬೆಳಕು ಸಾಲುತ್ತಿಲ್ಲ ಅಷ್ಟೇ.

ಮರಿ ಹಾಕಲು ಸಿರಿಯನ್ ಹ್ಯಾಮ್‌ಸ್ಟರ್‌ಗೆ ದಿನಕ್ಕೆ ಸುಮಾರು 12.5 ಗಂಟೆ ಬೆಳಕು ಬೇಕು. ಕೊಡಗಿನಲ್ಲಿ ಅತಿ ಉದ್ದದ ಹಗಲು 12 ಗಂಟೆ 50 ನಿಮಿಷದ ಆಸುಪಾಸು, ಅತಿ ಚಿಕ್ಕದು 11 ಗಂಟೆ 25 ನಿಮಿಷದಷ್ಟು. ಆಗಸ್ಟ್ ಕಳೆಯುತ್ತಿದ್ದಂತೆ ಹಗಲು ಆ ಮಿತಿಗಿಂತ ಕೆಳಗಿಳಿಯುತ್ತದೆ. ಅಲ್ಲಿಂದ ಎಂಟು-ಹತ್ತು ವಾರದಲ್ಲಿ ವೃಷಣ ಕುಗ್ಗುತ್ತದೆ. ನೀವು ಹೇಳಿದ ನವೆಂಬರಿಗೆ ಲೆಕ್ಕ ಸರಿಯಾಗಿ ಕೂಡುತ್ತದೆ.

ಒಳಗೆ ನಡೆಯುವುದು ಹೀಗೆ. ಕತ್ತಲಾದೊಡನೆ ಮಿದುಳಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನು ಸುರಿಸುತ್ತದೆ. ರಾತ್ರಿ ಉದ್ದವಾದಷ್ಟೂ ಅದು ಹೆಚ್ಚು ಹೊತ್ತು ಇರುತ್ತದೆ. ಮಿದುಳಿನ ಅಡಿಯ ಪಿಟ್ಯುಟರಿ ಗ್ರಂಥಿಯ ತೊಟ್ಟಿನ ಬಳಿ ತಯಾರಾಗುವ ಟಿಎಸ್‌ಎಚ್ (ಥೈರಾಯ್ಡ್ ಪ್ರಚೋದಕ ಹಾರ್ಮೋನು) ಆಗ ಇಳಿಯುತ್ತದೆ. ಈ ಟಿಎಸ್‌ಎಚ್ ಕೆಲಸ ಮಾಡುವುದು ಕುತ್ತಿಗೆಯ ಥೈರಾಯ್ಡ್ ಮೇಲಲ್ಲ, ಪಕ್ಕದಲ್ಲಿರುವ ಹೈಪೊಥಲಾಮಸ್ ಎಂಬ ಮಿದುಳಿನ ಭಾಗದ ಮೇಲೆ. ಅಲ್ಲಿನ ಜೀವಕೋಶಗಳಲ್ಲಿ ಡಯೋಡಿನೇಸ್-2 ಎಂಬ ಕಿಣ್ವವಿದೆ. ಅದು ರಕ್ತದಿಂದ ಬಂದ ಥೈರಾಯ್ಡ್ ಹಾರ್ಮೋನು ಥೈರಾಕ್ಸಿನ್‌ನ (ಟಿ4) ನಾಲ್ಕು ಅಯೋಡಿನ್‌ಗಳಲ್ಲಿ ಒಂದನ್ನು ಕಿತ್ತು, ಹೆಚ್ಚು ಚುರುಕಾದ ಟಿ3 ಮಾಡುತ್ತದೆ. ಆ ಜಾಗದಲ್ಲಿ ಟಿ3 ಇದ್ದರೆ ಸಂತಾನದ ಹಾರ್ಮೋನುಗಳು ಚುರುಕಾಗುತ್ತವೆ. ಟಿಎಸ್‌ಎಚ್ ಇಳಿದರೆ ಕಿಣ್ವವೂ ಇಳಿದು, ರಕ್ತದಲ್ಲಿ ಟಿ4 ಬೇಕಾದಷ್ಟಿದ್ದರೂ ಅಲ್ಲಿಗೆ ಟಿ3 ಸಿಗುವುದಿಲ್ಲ. ಕಿಣ್ವದ ಈ ಪಾತ್ರವನ್ನು ಜಪಾನಿನ ತಕಾಶಿ ಯೋಶಿಮುರಾ ತಂಡ 2003ರಲ್ಲಿ ಗೌಜಲಹಕ್ಕಿಯಲ್ಲಿ ತೋರಿಸಿತು, ಆಮೇಲೆ ಹ್ಯಾಮ್‌ಸ್ಟರ್‌ಗಳಲ್ಲೂ ಅದೇ ದಾರಿ ಕಂಡುಬಂತು.

ಅಮ್ಮನ ಮಾತ್ರೆಯಲ್ಲಿರುವುದು ಟಿ4. ಅದನ್ನು ಬದಲಾಯಿಸುವ ಕಿಣ್ವವೇ ಆ ಜಾಗದಲ್ಲಿ ಇಳಿದಿರುವಾಗ ಮಾತ್ರೆಯಿಂದ ಪ್ರಯೋಜನವಿಲ್ಲ. ಪ್ರಯೋಗಾಲಯದಲ್ಲಿ ಸೈಬೀರಿಯನ್ ಹ್ಯಾಮ್‌ಸ್ಟರ್‌ಗಳಿಗೆ ಟಿ3 ಚುಚ್ಚಿ ವೃಷಣ ಮತ್ತೆ ಬೆಳೆಸಿದ್ದು ನಿಜ. ಆದರೆ ಅದು ಬೇರೆ ಔಷಧ, ಅಳೆದ ಪ್ರಮಾಣ. 120 ಗ್ರಾಂ ಪ್ರಾಣಿ 60 ಕಿಲೋ ಮನುಷ್ಯನ ಐನೂರರಲ್ಲಿ ಒಂದು ಪಾಲು. ಚೂರು ಮಾತ್ರೆಯೂ ಹೆಚ್ಚಾಗಿ ಎದೆಬಡಿತ ಏರಬಹುದು, ತೂಕ ಇಳಿಯಬಹುದು.

ಮಾಡಬೇಕಾದ್ದು ಬೇರೆ. ಪಂಜರವನ್ನು 20-24 ಡಿಗ್ರಿ ಬೆಚ್ಚಗಿರುವ ಕೋಣೆಗೆ ತನ್ನಿ. ಒಂಬತ್ತು ವಾಟ್‌ನ ಎಲ್‌ಇಡಿ ಬಲ್ಬನ್ನು ಟೈಮರ್‌ಗೆ ಸಿಕ್ಕಿಸಿ, ಬೆಳಿಗ್ಗೆ 6ರಿಂದ ರಾತ್ರಿ 8ರವರೆಗೆ ಉರಿಸಿ. ಉಳಿದ ಹತ್ತು ಗಂಟೆ ಪೂರಾ ಕತ್ತಲಿರಲಿ. ಎಡವುವುದು ಟೈಮರ್‌ನಲ್ಲೇ: ತಿರುಗಣೆಯ ಟೈಮರ್ ಕರೆಂಟ್ ಹೋದಾಗ ನಿಂತುಬಿಡುತ್ತದೆ. ನಾಲ್ಕು ಗಂಟೆ ಕರೆಂಟ್ ಹೋದರೆ ಮರುದಿನ ದೀಪ 10ಕ್ಕೆ ಹೊತ್ತಿ ನಡುರಾತ್ರಿ ಆರುತ್ತದೆ. ಕೊಡಗಿನಲ್ಲಿ ಇದು ಸಣ್ಣ ವಿಷಯವಲ್ಲ, ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಕೊಳ್ಳಿ.

ಎಂಟು-ಹತ್ತು ವಾರ ಕಾಯಬೇಕು. ಅಲ್ಲಿಯವರೆಗೆ ಗಂಡು, ಹೆಣ್ಣು ಬೇರೆ ಬೇರೆ ಪಂಜರದಲ್ಲಿರಲಿ, ಇಲ್ಲದಿದ್ದರೆ ಹೆಣ್ಣು ಕಚ್ಚಿ ಗಾಯ ಮಾಡುತ್ತದೆ. ನಂತರ ಸಂಜೆ ಹೆಣ್ಣನ್ನು ಗಂಡಿನ ಪಂಜರಕ್ಕೆ ಬಿಡಿ. ಬೆದೆಗೆ ಬಂದದ್ದಾದರೆ ಬೆನ್ನು ಚಪ್ಪಟೆ ಮಾಡಿ, ಬಾಲ ಎತ್ತಿ ಕದಲದೆ ನಿಲ್ಲುತ್ತದೆ. ಓಡಿಸಿ ಕಚ್ಚಿದರೆ ತಕ್ಷಣ ಬೇರ್ಪಡಿಸಿ, ಮರುದಿನ ಸಂಜೆ ನೋಡಿ. ಬೆದೆ ನಾಲ್ಕು ದಿನಕ್ಕೊಮ್ಮೆ ಬರುತ್ತದೆ. ಕೂಡಿದ 16ನೇ ದಿನಕ್ಕೆ ಮರಿ. ಹೆಣ್ಣಿಗೆ ವರ್ಷ ದಾಟಿದ್ದರೆ ಬೆಳಕಿಟ್ಟರೂ ಫಲ ಕಡಿಮೆ.

ಪ್ರಶ್ನೆ: ಹಾಗಾದರೆ ಗದ್ದೆಯ ಹೆಗ್ಗಣಗಳೂ ಹಗಲು ನೋಡಿಯೇ ಮರಿ ಹಾಕುತ್ತವೆಯೇ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಇಲ್ಲ. ಇಲ್ಲಿ ಅತಿ ಉದ್ದದ ಹಗಲಿಗೂ ಅತಿ ಚಿಕ್ಕದಕ್ಕೂ ಇರುವ ಅಂತರ ಒಂದೂವರೆ ಗಂಟೆಗಿಂತ ಕಡಿಮೆ. ಹೆಗ್ಗಣಕ್ಕೆ ಮುಖ್ಯವಾದದ್ದು ಮೇವು. ಭತ್ತ ತೆನೆಗಟ್ಟುವ ಹೊತ್ತಿಗೆ ಅದರ ಸಂತಾನ ಏರುತ್ತದೆ. ಆದ್ದರಿಂದ ಬಿಲ ಅಗೆದು ಹಿಡಿಯುವುದು, ಬೋನಿಡುವುದು ಎಲ್ಲ ಪೈರು ಹೊಡೆ ಬಿಡುವ ಮುನ್ನವೇ ಆಗಲಿ. ಅಕ್ಕಪಕ್ಕದ ಗದ್ದೆಯವರೂ ಅದೇ ವಾರ ಮಾಡದಿದ್ದರೆ ಅಲ್ಲಿನವು ನಿಮ್ಮ ಬದುವಿಗೆ ಬರುತ್ತವೆ.